ಬೆಲೆ ನೋಡಿ ಬೀಗ ಒಡೆಯಬೇಡಿ

ಗೇಮ್ ಕಟ್ಟುವವರಿಗೆಂದೇ ಮಾಡಿದ ಎಕ್ಸ್‌ಬಾಕ್ಸ್, ಅಂದರೆ ಡೆವ್‌ಕಿಟ್‌ನ ಬೆಲೆಯನ್ನು ಮೈಕ್ರೊಸಾಫ್ಟ್ 2025ರ ಅಕ್ಟೋಬರ್‌ನಲ್ಲಿ 1,500 ಡಾಲರ್‌ನಿಂದ 2,000ಕ್ಕೆ ಏರಿಸಿದ್ದೇ ತಡ, ಹಳೆಯ ಸಲಹೆಯೊಂದು ಮತ್ತೆ ತಲೆಯೆತ್ತಿದೆ. ಅಂಗಡಿಯಿಂದ ಮಾಮೂಲಿ ಕನ್ಸೋಲ್ ತನ್ನಿ, ಕಂಪನಿ ಒಪ್ಪದ ಪ್ರೋಗ್ರಾಂ ಓಡದಂತೆ ಅದಕ್ಕೆ ಹಾಕಿರುವ ಬೀಗ ಒಡೆಯಿರಿ, ಅದರಲ್ಲೇ ಗೇಮ್ ಕಟ್ಟಿ ಎನ್ನುವ ಸಲಹೆ. ಇದು ತಪ್ಪು. ಮಾಡಿದ್ದನ್ನು ನಾಳೆ ಮಾರುವ, ಹಂಚುವ ಆಸೆಯಿರುವವರು ಇದಕ್ಕೆ ಕಿವಿಗೊಡಲೇಬಾರದು. ಇಬ್ಬರು ಮೂವರು ಸೇರಿ ನಡೆಸುವ ಸ್ಟುಡಿಯೊಗೆ 500 ಡಾಲರ್ ದೊಡ್ಡ ಪೆಟ್ಟು, ಒಪ್ಪುತ್ತೇನೆ. ಆದರೆ ಬೆಲೆಪಟ್ಟಿ ಹಿಡಿದು ಲೆಕ್ಕಕ್ಕೆ ಕೂತವರು ಎಕ್ಸ್‌ಬಾಕ್ಸ್‌ನದೇ ಚರಿತ್ರೆಯನ್ನು ಮರೆತಿದ್ದಾರೆ.

2001ರ ಮೊದಲ ಎಕ್ಸ್‌ಬಾಕ್ಸ್ ನೆನಪಿಸಿಕೊಳ್ಳಿ. ಅಂಗಡಿಯ ಪೆಟ್ಟಿಗೆಯಲ್ಲಿದ್ದದ್ದು 64 ಎಂಬಿ ಮೆಮೊರಿ, ಡೆವಲಪರ್‌ಗಳಿಗೆ ಕೊಟ್ಟದ್ದರಲ್ಲಿ 128. ಹೆಚ್ಚುವರಿ 64 ಎಂಬಿ ಶೋಕಿಗಲ್ಲ. ಕಟ್ಟುವ ಹಂತದಲ್ಲಿ ಗೇಮ್ ದಪ್ಪವಾಗಿರುತ್ತದೆ. ತಪ್ಪು ಹುಡುಕುವ ಕೋಡ್, ದಾಖಲೆ, ಪರೀಕ್ಷೆಗಳೆಲ್ಲ ಅದರ ಜೊತೆಗೇ ಮೆಮೊರಿಯಲ್ಲಿ ಕೂರಬೇಕು. ಅವಕ್ಕೆ ಜಾಗವಿಲ್ಲದ ಪೆಟ್ಟಿಗೆಯಲ್ಲಿ ಗೇಮ್ ನಿಂತಿತೆಂದು ಗೊತ್ತಾಗುತ್ತದೆ, ಯಾಕೆ ನಿಂತಿತೆಂದು ಗೊತ್ತಾಗುವುದಿಲ್ಲ. ಹವ್ಯಾಸಿಗಳು ಇದಕ್ಕೂ ದಾರಿ ಹುಡುಕಿದರು. ಬೀಗ ಒಡೆಯಲು ಹಾಕುವ ಆರಂಭದ ಮಾಡ್‌ಚಿಪ್‌ಗೆ 29 ತಂತಿಗಳನ್ನು ಒಂದೊಂದಾಗಿ ಬೆಸೆಯಬೇಕಿತ್ತು, ಬೆಸೆದರು. ಮದರ್‌ಬೋರ್ಡಿನಲ್ಲಿ ನಾಲ್ಕು ಮೆಮೊರಿ ಚಿಪ್‌ಗಳ ಜಾಗ ಖಾಲಿ ಬಿಟ್ಟಿರುವುದನ್ನು ಕಂಡು, ಕೂದಲೆಳೆಯಂಥ ಕಾಲುಗಳಿರುವ ಚಿಪ್ ತಂದು ಅಲ್ಲಿ ಕೂರಿಸಿ 128 ಮಾಡಿಕೊಂಡರು. ಆ ಕೈಚಳಕಕ್ಕೆ ನನ್ನ ನಮಸ್ಕಾರವಿದೆ.

ಬೆಸುಗೆಗೆ ಬಗ್ಗದ ತೊಡಕು ಬೇರೆಯೇ ಇತ್ತು. ಅದನ್ನು ಕಲಿಸಿದ್ದು ಎಕ್ಸ್‌ಬಿಎಂಸಿ. ಬೀಗ ಒಡೆದ ಎಕ್ಸ್‌ಬಾಕ್ಸ್‌ನಲ್ಲಿ ಹುಟ್ಟಿ, ಗೇಮ್ ಪೆಟ್ಟಿಗೆಯನ್ನು ಮನೆಯ ಸಿನಿಮಾ, ಸಂಗೀತದ ಯಂತ್ರವಾಗಿಸಿದ ಪ್ರೋಗ್ರಾಂ ಅದು. ಬರೆದವರು ಸ್ವಯಂಸೇವಕರು, ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಆದರೆ ಅದನ್ನು ಓಡುವ ರೂಪಕ್ಕೆ ತರಲು ಬೇಕಿದ್ದದ್ದು ಮೈಕ್ರೊಸಾಫ್ಟ್‌ನ ಎಕ್ಸ್‌ಡಿಕೆ ಎಂಬ ತಂತ್ರಾಂಶ ಸಲಕರಣೆ, ಅದು ಅನುಮತಿ ಪಡೆದ ಡೆವಲಪರ್‌ಗಳಿಗೆ ಮಾತ್ರ. ಹೀಗಾಗಿ ತಂಡ ಕೋಡನ್ನಷ್ಟೇ ಕೊಟ್ಟಿತು. ತಮ್ಮದೇ ಕೆಲಸವನ್ನು ಸಿದ್ಧರೂಪದಲ್ಲಿ ಕಾನೂನುಬದ್ಧವಾಗಿ ಹಂಚಲು ಅದನ್ನು ಬರೆದವರಿಗೇ ಆಗಲಿಲ್ಲ. ಓಪನ್‌ಎಕ್ಸ್‌ಡಿಕೆ ಎಂಬ ಮುಕ್ತ ಪರ್ಯಾಯವಿತ್ತಲ್ಲ ಎನ್ನಬಹುದು. ಇತ್ತು, ಎಕ್ಸ್‌ಬಿಎಂಸಿ ನಿಂತದ್ದು ಅದರ ಮೇಲಲ್ಲ. 2007ರಲ್ಲಿ ಲಿನಕ್ಸ್‌ಗೆ ಹೊರಳುವ ಕೆಲಸ ಶುರುವಾಯಿತು, 2010ರಲ್ಲಿ ತಂಡ ಎಕ್ಸ್‌ಬಾಕ್ಸನ್ನೇ ಕೈಬಿಟ್ಟಿತು. ಹುಟ್ಟಿದ ಮನೆಯಿಂದಲೇ ಹೊರಬಿದ್ದಂತಾಯಿತು. 2,000 ಡಾಲರ್‌ನ ಮಾತಾಡುವವರು ಈ ನಷ್ಟಕ್ಕೆ ಎಷ್ಟು ಬೆಲೆ ಕಟ್ಟುತ್ತಾರೆ?

ಕಾನೂನಿನ ಗುಮ್ಮನನ್ನು ತೋರಿಸಿ ನಾನು ಯಾರನ್ನೂ ಹೆದರಿಸಲು ಹೊರಟಿಲ್ಲ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಎರಡು ವರ್ಷದವರೆಗಿನ ಸೆರೆಯ ಮಾತಾಡುವುದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರ ಬಗ್ಗೆ. ಕಾಸು ಕೊಟ್ಟು ತಂದ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಕಲಿಯುವ ವಿದ್ಯಾರ್ಥಿಯ ಮಾತೇ ಬೇರೆ; ಅವರು ಬಿಚ್ಚಲಿ, ಕಲಿಯಲಿ. ನನ್ನ ತಕರಾರು ಜೀವನೋಪಾಯವನ್ನೇ ಅದರ ಮೇಲೆ ಕಟ್ಟಿ ಎನ್ನುವವರೊಂದಿಗೆ.

ಮೂರನೆಯ ದಾರಿಯೂ ಇದೆ. 2016ರಿಂದ ಅಂಗಡಿಯ ಎಕ್ಸ್‌ಬಾಕ್ಸ್ ಒನ್ ಅನ್ನೇ ಕಂಪನಿಯ ಒಪ್ಪಿಗೆಯಿಂದ ಡೆವಲಪರ್ ಮೋಡ್‌ಗೆ ತಿರುಗಿಸಬಹುದಾಯಿತು. ಆಗ ಒಬ್ಬ ವ್ಯಕ್ತಿಯ ನೋಂದಣಿಗೆ ಸುಮಾರು 19 ಡಾಲರ್. ಪರದೆಯಲ್ಲಿ ಕೋಡೊಂದು ಮೂಡುತ್ತದೆ, ಅದನ್ನು ಖಾತೆಯಲ್ಲಿ ತುಂಬಿದರೆ ಯಂತ್ರ ಹೊಸ ವೇಷದಲ್ಲಿ ಏಳುತ್ತದೆ. ಮಿತಿಗಳುಂಟು: ಓಡುವುದು ಮೈಕ್ರೊಸಾಫ್ಟ್‌ನ ಯುಡಬ್ಲ್ಯೂಪಿ ಮಾದರಿಯಲ್ಲಿ ಬರೆದ ಪ್ರೋಗ್ರಾಂ ಮಾತ್ರ, ಯಂತ್ರದ ಪೂರ್ತಿ ಬಲ ಕೈಗೆ ಸಿಗದು. ಆ ಬಲ ಬೇಕೆಂದಾಗ ಡೆವ್‌ಕಿಟ್‌ಗೆ ಅರ್ಜಿ ಹಾಕಲೇಬೇಕು. ಆದರೆ ಇಲ್ಲಿ ಮಾಡಿದ್ದನ್ನು ಅಂಗಡಿಯ ಬಾಗಿಲವರೆಗೆ ಒಯ್ಯಲು ದಾರಿಯಿದೆ.

ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡಿತು. 2017ರ ಡಿಸೆಂಬರ್‌ನಲ್ಲಿ ಅದು ಎಕ್ಸ್‌ಬಾಕ್ಸ್‌ಗೆ ಮರಳಿತು. ಬಂದದ್ದು ಮೈಕ್ರೊಸಾಫ್ಟ್‌ನದೇ ಸ್ಟೋರ್ ಮೂಲಕ.