ಕಾರಿನ ಮೈಬಣ್ಣಕ್ಕೂ ಆರೈಕೆ ಬೇಕು

ಈ ತಿಂಗಳು ಅಡುಗೆ ಮನೆ, ಬಟ್ಟೆಯ ಕಪಾಟು ಎಲ್ಲವನ್ನೂ ಬಿಟ್ಟು ಅಂಗಳಕ್ಕೆ ಬರೋಣ. ಅಲ್ಲಿ ನಿಂತಿರುವ ಕಾರನ್ನು ಒಮ್ಮೆ ನೋಡಿ. ನಮ್ಮಲ್ಲಿ ಎಷ್ಟೋ ಮನೆಗಳ ಕಾರು ಪತಿಯ ಅಥವಾ ಮಗನ ಹಲವು ವರ್ಷಗಳ ಗಲ್ಫ್ ದುಡಿಮೆಯ ಉಳಿತಾಯ. ತಂದುಕೊಟ್ಟವರು ರಜೆ ಮುಗಿಸಿ ಹೊರಟುಹೋಗುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡಲು, ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಅದನ್ನು ಓಡಿಸುವವರೂ, ನೋಡಿಕೊಳ್ಳುವವರೂ ನೀವೇ. ಇಂಜಿನ್ನಿನ ಕೆಲಸಕ್ಕೆ ಮೆಕ್ಯಾನಿಕ್ ಇದ್ದಾನೆ. ಆದರೆ ಮೈಬಣ್ಣ ಉಳಿಯುವುದೂ ಹಾಳಾಗುವುದೂ ಮನೆಯ ಅಂಗಳದಲ್ಲೇ.

ಇದು ಬರೀ ಚಂದದ ಮಾತಲ್ಲ. ನಾಳೆ ಕಾರು ಮಾರಬೇಕಾಗಿ ಬಂದರೆ ಕೊಳ್ಳುವವರು ಮೊದಲು ನೋಡುವುದು ಬಣ್ಣವನ್ನು. ಈಗ ಹಳೆ ಕಾರುಗಳ ವ್ಯಾಪಾರಿಗಳು ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನೇ ಹಿಡಿದುಕೊಂಡು ಬರುತ್ತಾರೆ. ಬಾಗಿಲಿಗೆ ಮತ್ತೆ ಪೇಂಟ್ ಹೊಡೆಸಿದ್ದರೆ ಅದು ತೋರಿಸಿಬಿಡುತ್ತದೆ. ಅಪಘಾತವಾಗಿತ್ತೇ ಎಂಬ ಅನುಮಾನ ಹುಟ್ಟುತ್ತದೆ, ಬೆಲೆ ಇಳಿಯುತ್ತದೆ. ಕಂಪೆನಿಯಿಂದ ಬಂದ ಮೂಲ ಬಣ್ಣಕ್ಕೆ ಇರುವ ಬೆಲೆ ಆಮೇಲೆ ಹೊಡೆಸಿದ ಬಣ್ಣಕ್ಕೆ ಇಲ್ಲ.

ಈ ಬಣ್ಣ ಎಷ್ಟು ದಪ್ಪ ಇರಬಹುದು ಹೇಳಿ? ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಇನ್ನೊಂದು ಪದರ, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇಷ್ಟೂ ಸೇರಿ ಸುಮಾರು 100ರಿಂದ 120 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಅದು ಹೆಚ್ಚೆಂದರೆ 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಹೊಳೆಯುವುದು ಬಣ್ಣವಲ್ಲ, ಈ ಪದರ. ಶಾಲೆ ಶುರುವಾಗುವಾಗ ಮಕ್ಕಳ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತೇವಲ್ಲ, ಹಾಗೆ. ಹೊದಿಕೆಯ ಮೇಲೆ ಗೀರು ತುಂಬಿದರೆ ಒಳಗಿನ ಚಿತ್ರ ಚೆನ್ನಾಗಿಯೇ ಇದ್ದರೂ ಮಂಕಾಗಿ ಕಾಣುತ್ತದೆ. ‘ಕಾರಿನ ಬಣ್ಣ ಹೋಯಿತು’ ಎಂದು ನಾವು ಹೇಳುವುದು ಬಹಳ ಸಲ ಇದನ್ನೇ. ಬಣ್ಣ ಹೋಗಿಲ್ಲ, ಹೊದಿಕೆ ಗೀಚಿಹೋಗಿದೆ ಅಷ್ಟೆ.

ಬಿಸಿಲಿನಲ್ಲಿ ನಿಂತ ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟ್ಟನ್ನು ಓರೆಯಾಗಿ ನೋಡಿ. ಜೇಡರ ಬಲೆಯಂತೆ ಸುತ್ತು ಸುತ್ತು ಸಣ್ಣ ಗೆರೆಗಳು ಕಾಣುತ್ತವೆ. ಇದು ಮಳೆ ಬಿಸಿಲಿನ ಕೆಲಸವಲ್ಲ. ಒರೆಸುವ ಬಟ್ಟೆಯ ಕೆಲಸ.

ಬೆಳಗ್ಗೆ ಎದ್ದು ಒಂದು ಬಟ್ಟೆ ಹಿಡಿದು ಕಾರಿನ ಧೂಳು ಒರೆಸುವುದು ಎಷ್ಟೋ ಮನೆಗಳ ದಿನಚರಿ. ಫ್ಲ್ಯಾಟುಗಳಲ್ಲಾದರೆ ತಿಂಗಳ ಲೆಕ್ಕಕ್ಕೆ ಒಬ್ಬ ಹುಡುಗ ಬರುತ್ತಾನೆ. ಅರ್ಧ ಬಕೆಟ್ ನೀರು, ಒಂದೇ ಬಟ್ಟೆ, ಹತ್ತು ಕಾರು. ನಾಲ್ಕನೆಯ ಕಾರಿಗೆ ಬರುವಾಗ ಆ ಬಟ್ಟೆಯಲ್ಲಿ ಮೂರು ಕಾರುಗಳ ಹೊಯಿಗೆ ಇರುತ್ತದೆ. ಹೊಯಿಗೆಯ ಕಣ ಗಾಜನ್ನೇ ಗೀರುವಷ್ಟು ಗಟ್ಟಿ. ಅದನ್ನು ಬಟ್ಟೆಯ ಅಡಿಯಲ್ಲಿಟ್ಟು ಒತ್ತಿ ಉಜ್ಜಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆಯೇ. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಧೂಳು ಕೂತ ಕಾರನ್ನು ಒಣ ಬಟ್ಟೆಯಿಂದ ಮುಟ್ಟಲೇಬಾರದು. ಕೋಳಿಪುಕ್ಕದ ಹಾಗಿರುವ ಡಸ್ಟರ್ ಕೂಡ ಬೇಡ. ಎರಡು ದಿನ ಧೂಳು ಹಾಗೇ ಇದ್ದರೆ ಕಾರಿಗೇನೂ ಆಗುವುದಿಲ್ಲ. ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ನಮಗಷ್ಟೆ! ಧೂಳಿನ ಮೇಲೆ ಬೆರಳಿನಿಂದ ಹೆಸರು ಬರೆಯುವ ಮಕ್ಕಳನ್ನು ಮಾತ್ರ ತಡೆಯಿರಿ. ಆ ಅಕ್ಷರಗಳು ತೊಳೆದ ಮೇಲೂ ಬಿಸಿಲಿಗೆ ಕಾಣುತ್ತವೆ.

ಹಾಗಾದರೆ ತೊಳೆಯುವುದು ಹೇಗೆ? ಹತ್ತು ಹದಿನೈದು ದಿನಗಳಿಗೊಮ್ಮೆ ಸರಿಯಾಗಿ ತೊಳೆದರೆ ಸಾಕು. ಬೆಳಗ್ಗೆ ಬೇಗ ಅಥವಾ ಅಸರ್ ನಮಾಝಿನ ನಂತರ, ನೆರಳಿನಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ. ಬಿಸಿ ತಗಡಿನ ಮೇಲೆ ಸೋಪುನೀರು ಅಲ್ಲೇ ಒಣಗಿ ಕಲೆ ಕಟ್ಟುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಇಡೀ ಕಾರಿನ ಮೇಲೆ ನೀರು ಸುರಿದು ಸಡಿಲವಾದ ಮಣ್ಣು ಇಳಿಸಿಬಿಡಿ. ಇನ್ನೂ ಬಟ್ಟೆ ಮುಟ್ಟಿಸಬೇಡಿ. ಆಮೇಲೆ ದಪ್ಪ ಮೃದು ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಮೇಲಿನ ಟಾಪಿನಿಂದ ಆರಂಭಿಸಿ ಕೆಳಗೆ ಬನ್ನಿ. ಕೊಳೆ ಹೆಚ್ಚು ಇರುವುದು ಕೆಳಭಾಗದಲ್ಲಿ, ಅದನ್ನು ಕೊನೆಗೆ ಮುಟ್ಟಬೇಕು. ಒಂದು ಬಾಗಿಲು ಆದ ಕೂಡಲೇ ಬಟ್ಟೆಯನ್ನು ಬರೀ ನೀರಿನ ಬಕೆಟಿನಲ್ಲಿ ಜಾಲಾಡಿಸಿ, ಹಿಂಡಿ, ಮತ್ತೆ ಶಾಂಪೂ ನೀರಿಗೆ ಹಾಕಿ. ಕೊನೆಗೆ ಆ ಬರೀ ನೀರಿನ ಬಕೆಟಿನ ತಳ ನೋಡಿ, ಅಲ್ಲಿ ಕೂತಿರುವ ಹೊಯಿಗೆ ಕಾರಿನ ಮೇಲೆ ಗೀರು ಎಳೆಯಬೇಕಾಗಿದ್ದದ್ದು. ಚಕ್ರಕ್ಕೆ ಬೇರೆಯೇ ಬಟ್ಟೆ ಇರಲಿ. ಕೈಯಿಂದ ನೆಲಕ್ಕೆ ಬಿದ್ದ ಬಟ್ಟೆಯನ್ನು ಚೆನ್ನಾಗಿ ತೊಳೆಯದೆ ಮತ್ತೆ ಕಾರಿಗೆ ಮುಟ್ಟಿಸಬೇಡಿ. ಉಂಗುರ, ಬಳೆ ತೆಗೆದಿಟ್ಟು ಕೆಲಸಕ್ಕಿಳಿಯಿರಿ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಬೇಡ. ಜಿಡ್ಡು ಕೀಳಲೆಂದೇ ಮಾಡಿದ ಅವು ಕಾರಿನ ಮೇಲಿನ ವ್ಯಾಕ್ಸನ್ನೂ ಕಿತ್ತುಹಾಕುತ್ತವೆ.

ತೊಳೆದ ಮೇಲೆ ತಾನೇ ಒಣಗಲಿ ಎಂದು ಬಿಡಬೇಡಿ. ದೊಡ್ಡ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿದ ಹಾಗೆ ಇಟ್ಟು ಮೆಲ್ಲಗೆ ಎಳೆದರೆ ನೀರು ಹೀರುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವ ಕಡೆ ಇದು ಇನ್ನೂ ಮುಖ್ಯ. ಹನಿ ಆರಿದ ಜಾಗದಲ್ಲಿ ಬಿಳಿ ಉಂಗುರ ಉಳಿಯುತ್ತದೆ. ಈಗಾಗಲೇ ಉಳಿದಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಕಲೆಯ ಮೇಲಿಟ್ಟು ಒರೆಸಿ. ಕೂಡಲೇ ನೀರಿನಿಂದ ತೊಳೆಯಿರಿ.

ನೀರಿನ ಬಗ್ಗೆ ಒಂದು ಮಾತು. ಪೈಪ್ ಹಿಡಿದು ಕಾಲು ಗಂಟೆ ತೊಳೆದರೆ ನೂರೈವತ್ತು ಲೀಟರ್ ಸುಲಭವಾಗಿ ಹರಿದುಹೋಗುತ್ತದೆ. ನಾನು ಹೇಳಿದ ಕ್ರಮದಲ್ಲಿ ಮೂರು ನಾಲ್ಕು ಬಕೆಟ್ ಸಾಕು. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು, ಕಾರಿಗೆ ಬೇರೆ ನಿಯಮ ಹೇಗಾದೀತು? ಬೆಂಗಳೂರಿನಲ್ಲಿ 2024ರ ಮಾರ್ಚ್ ತಿಂಗಳಲ್ಲಿ ನೀರಿನ ಹಾಹಾಕಾರ ಎದ್ದಾಗ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಇನ್ನೊಂದು, ಬಾವಿಕಟ್ಟೆಯ ಪಕ್ಕ ಕಾರು ತೊಳೆಯಬೇಡಿ. ಸೋಪು ಮತ್ತು ಎಣ್ಣೆ ಬೆರೆತ ನೀರು ಇಂಗಿ ಕೊನೆಗೆ ನಿಮ್ಮದೇ ಕೊಡಕ್ಕೆ ಬರುತ್ತದೆ.

ಕೆಲವು ಕೊಳೆಗಳನ್ನು ಮಾತ್ರ ಹದಿನೈದು ದಿನ ಕಾಯಿಸುವಂತಿಲ್ಲ. ಹಕ್ಕಿಯ ಹಿಕ್ಕೆ ಅವುಗಳಲ್ಲಿ ಮೊದಲನೆಯದು. ಅದರಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಕಾರಿನ ಮೇಲ್ಪದರ ಕಾದು ಮೆತ್ತಗಾಗುತ್ತದೆ, ಸಂಜೆ ತಣಿಯುವಾಗ ಗಟ್ಟಿಯಾಗಿ ಕುಗ್ಗುತ್ತದೆ. ಅಷ್ಟರೊಳಗೆ ಹಿಕ್ಕೆ ತನ್ನ ಗುರುತನ್ನು ಅದರಲ್ಲಿ ಅಚ್ಚೊತ್ತಿಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಒಂದು ದಿನ ಬಿಟ್ಟರೂ ಕಲೆ ಉಳಿಯಬಹುದು. ಉಗುರಿನಿಂದ ಕೆರೆಯಬೇಡಿ, ಒಣಗಿದ್ದನ್ನು ಉಜ್ಜಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಡಿ. ಮೆತ್ತಗಾದ ಮೇಲೆ ಎತ್ತಿದ ಹಾಗೆ ತೆಗೆಯಿರಿ. ಕಾರಿನಲ್ಲಿ ಒಂದು ಬಾಟ್ಲಿ ನೀರು, ಒಂದು ಹಳೆ ಬನಿಯನ್ ಬಟ್ಟೆಯ ತುಂಡು ಯಾವಾಗಲೂ ಇರಲಿ.

ಮಾವಿನ ಮರದಡಿ ಕಾರು ನಿಲ್ಲಿಸುವವರೇ, ಕಾಯಿಯ ಸೊನೆ ತುಟಿಗೆ ತಾಗಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಲಸಿನ ಮೇಣವೂ ಅಷ್ಟೇ ಹಟಮಾರಿ. ಹಲಸು ಕೊಯ್ಯುವಾಗ ಕೈಗೆ ಹಚ್ಚಿಕೊಳ್ಳುವ ತೆಂಗಿನೆಣ್ಣೆ ಇಲ್ಲೂ ನೆರವಿಗೆ ಬರುತ್ತದೆ. ಮೇಣದ ಮೇಲೆ, ಅಥವಾ ಹೊಸ ರಸ್ತೆಯಿಂದ ಹಾರಿ ಅಂಟಿದ ಡಾಮರಿನ ಚುಕ್ಕೆಗಳ ಮೇಲೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಶಾಂಪೂ ನೀರಿನಿಂದ ತೊಳೆಯಿರಿ. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ. ಮದುವೆಗೆ ಹೂವಿನಲ್ಲಿ ಸಿಂಗರಿಸಿದ ಕಾರಿನ ಟೇಪುಗಳನ್ನೂ ಅಂದೇ ಕಿತ್ತುಬಿಡಿ. ಮದುಮಕ್ಕಳ ಔತಣದ ಓಡಾಟ ಮುಗಿಯುವವರೆಗೆ ಹಾಗೇ ಬಿಟ್ಟರೆ ಬಿಸಿಲಿಗೆ ಅಂಟು ಗಟ್ಟಿಯಾಗಿ ಕೂತುಬಿಡುತ್ತದೆ.

ಇನ್ನು ವ್ಯಾಕ್ಸ್ ಮತ್ತು ಪಾಲಿಶ್. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಆದರೆ ಕೆಲಸ ಬೇರೆ ಬೇರೆ. ಪಾಲಿಶ್ ಎಂದರೆ ಸವೆಸುವುದು. ಗೀರು ಮಾಯವಾಗುವುದು ಗೀರು ತುಂಬಿ ಅಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನು ಅದರ ಮಟ್ಟಕ್ಕೆ ಇಳಿಸಿ. ಮೊದಲೇ ಕೂದಲಿಗಿಂತ ತೆಳುವಾದದ್ದನ್ನು ವರ್ಷಕ್ಕೆ ಮೂರು ಸಲ ಸವೆಸಿದರೆ ಏನು ಉಳಿದೀತು? ವಾಟರ್ ಸರ್ವಿಸಿನವರು ‘ರಬ್ಬಿಂಗ್ ಮಾಡಿ ಹೊಸದರಂತೆ ಮಾಡಿಕೊಡುತ್ತೇವೆ’ ಎಂದು ಪ್ರತಿಸಲವೂ ಹೇಳಿದರೆ ಬೇಡವೆನ್ನಿ. ಹಲ್ಲುಜ್ಜುವ ಪೇಸ್ಟಿನಿಂದ ಗೀರು ಹೋಗುತ್ತದೆ ಎನ್ನುವುದೂ ಇದೇ ಲೆಕ್ಕ, ಅದೂ ಸವೆಸುವ ಪುಡಿಯೇ.

ವ್ಯಾಕ್ಸ್ ಹಾಗಲ್ಲ. ಅದು ಮೇಲೆ ಕೂರುವ ರಕ್ಷಣೆ. ಒಳ್ಳೆಯ ಕಾರ್ ವ್ಯಾಕ್ಸುಗಳಲ್ಲಿ ಬಳಸುವ ಕಾರ್ನೌಬಾ ಮೇಣ ಬ್ರೆಝಿಲಿನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುತ್ತದೆ. ಬಿಸಿಲಿನಲ್ಲಿ ಎಲೆಯ ತೇವ ಆರದಂತೆ ಮರ ತಾನೇ ಹಚ್ಚಿಕೊಳ್ಳುವ ಲೇಪ ಅದು. ತೊಳೆದು ಒಣಗಿಸಿದ ಕಾರಿಗೆ ನೆರಳಿನಲ್ಲಿ ತೆಳುವಾಗಿ ಹಚ್ಚಿ, ಮಂಜು ಕವಿದಂತೆ ಕಂಡಾಗ ಬೇರೆ ಸ್ವಚ್ಛ ಬಟ್ಟೆಯಿಂದ ಒರೆಸಿ. ದಪ್ಪ ಹಚ್ಚಿದರೆ ಲಾಭವಿಲ್ಲ, ಒರೆಸುವ ಕೈ ನೋಯುತ್ತದೆ ಅಷ್ಟೆ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ಕರಾವಳಿಯವರು ಮೇ ಕೊನೆಗೆ ಒಂದು ಸಲ ತಪ್ಪದೆ ಮಾಡಿ. ನೀರು ಹಾಕಿದಾಗ ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ಹನಿ ನಿಂತರೆ ವ್ಯಾಕ್ಸ್ ಇದೆ. ಚಪ್ಪಟೆಯಾಗಿ ಹರಡಿದರೆ ಮುಗಿದಿದೆ. ಹೊಸದಾಗಿ ಪೇಂಟ್ ಹೊಡೆಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ವ್ಯಾಕ್ಸ್ ಬೇಡ, ಪೇಂಟ್ ಒಳಗಿನಿಂದ ಆರಬೇಕು. ಸಿರಾಮಿಕ್ ಕೋಟಿಂಗ್ ಮಾಡಿಸಬೇಕೇ ಎಂದು ಈಗ ಬಹಳ ಮಂದಿ ಕೇಳುತ್ತಾರೆ. ಬಾಳಿಕೆ ವ್ಯಾಕ್ಸಿಗಿಂತ ಹೆಚ್ಚು, ತೊಳೆಯುವುದೂ ಸುಲಭ. ಆದರೆ ಕೊಳಕು ಬಟ್ಟೆ, ರಸ್ತೆಯ ಕಲ್ಲು ಅದನ್ನೂ ಬಿಡುವುದಿಲ್ಲ. ಒರೆಸುವ ಅಭ್ಯಾಸ ಸರಿಯಾಗದೆ ಅಷ್ಟು ಹಣ ಹಾಕುವುದು ದುಂದು ಎಂದೇ ನನ್ನ ಅಭಿಪ್ರಾಯ.

ಮಕ್ಕಳ ಒತ್ತಾಯಕ್ಕೆ ಪಣಂಬೂರು, ಮಲ್ಪೆ ಅಂತ ಕಡಲ ತೀರಕ್ಕೆ ಹೋಗಿ ಬಂದರೆ ಮರುದಿನವೇ ಕಾರಿನ ಅಡಿಭಾಗ ಮತ್ತು ಚಕ್ರದ ಮೇಲಿನ ಒಳಭಾಗಕ್ಕೆ ಸಿಹಿನೀರು ಹಾಕಿ. ಉಪ್ಪಿನ ತೇವ ತುಕ್ಕಿಗೆ ಬಹಳ ಪ್ರಿಯ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಬಗ್ಗಿ ನೋಡಿ, ಮಣ್ಣು ತುಂಬಿದ್ದರೆ ಈರ್ಕಿಲು ಕಡ್ಡಿಯಿಂದ ಬಿಡಿಸಿ. ಮುಂದಿನ ಗಾಜಿನ ಬುಡದಲ್ಲಿ ಸೇರುವ ತರಗೆಲೆಗಳನ್ನೂ ತೆಗೆಯಿರಿ. ತುಕ್ಕು ಒಳಗಿನಿಂದ ಶುರುವಾಗಿ ಪೇಂಟ್ ಗುಳ್ಳೆಯಂತೆ ಎದ್ದಾಗ ನಮ್ಮ ಕಣ್ಣಿಗೆ ಬೀಳುತ್ತದೆ. ಆಗ ವ್ಯಾಕ್ಸಿನಿಂದ ಏನೂ ಆಗದು. ಕವರ್ ಹೊದಿಸುವುದಾದರೆ ಕಾರು ತೊಳೆದು ಒಣಗಿದ ಮೇಲೆಯೇ. ಧೂಳಿನ ಮೇಲೆ ಹೊದಿಸಿದ ಕವರ್ ಗಾಳಿಗೆ ಅಲುಗಾಡಿ ಇಡೀ ದಿನ ಉಜ್ಜುತ್ತಿರುತ್ತದೆ. ಒದ್ದೆ ಕಾರಿನ ಮೇಲೆ ಹೊದಿಸಿದರೆ ಒಳಗೆ ತೇವ ನಿಲ್ಲುತ್ತದೆ. ಬೆಚ್ಚಗಿನ ಬಾನೆಟ್ ಮೇಲೆ ಮಲಗುವ ಬೆಕ್ಕಿಗೆ ಮಾತ್ರ ಕವರ್ ಒಳ್ಳೆಯ ಉತ್ತರ.

ಗೀರು ಬಿದ್ದೇ ಬಿಟ್ಟರೆ? ಗ್ಯಾರೇಜಿಗೆ ಓಡುವ ಮೊದಲು ಉಗುರನ್ನು ಗೀರಿನ ಅಡ್ಡಕ್ಕೆ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಮೇಲ್ಪದರದ್ದು. ಒಂದು ಸಲದ ಕೈಪಾಲಿಶಿನಲ್ಲಿ ಬಹುಪಾಲು ಹೋದೀತು. ಬಾಗಿಲ ಹಿಡಿಯ ಹಿಂದೆ ನಮ್ಮ ಉಗುರು, ಉಂಗುರ ತಾಗಿ ಆಗುವ ಗೆರೆಗಳು ಇಂಥವು. ಉಗುರು ಸಿಕ್ಕಿಕೊಂಡರೆ ಗೀರು ಬಣ್ಣದವರೆಗೆ ಇಳಿದಿದೆ. ಪಾಲಿಶ್ ಹಾಕಿ ಸವೆಸಬೇಡಿ. ತಗಡು ಕಾಣುತ್ತಿದ್ದರೆ ಮಳೆಗೆ ಮೊದಲು ಮುಚ್ಚಲೇಬೇಕು. ಕಂಪೆನಿಯ ಬಿಡಿಭಾಗಗಳ ಅಂಗಡಿಯಲ್ಲಿ ಸಣ್ಣ ಟಚ್‌ಅಪ್ ಪೇಂಟ್ ಬಾಟ್ಲಿ ಸಿಗುತ್ತದೆ. ‘ಬಿಳಿ’ ಎಂದು ಕೇಳಿದರೆ ಸಾಲದು, ಬಿಳಿಯಲ್ಲೇ ಹಲವು ಬಗೆ. ಹೆಚ್ಚಾಗಿ ಬಾಗಿಲ ಚೌಕಟ್ಟಿನಲ್ಲಿ ಅಥವಾ ಬಾನೆಟ್ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ, ಅದನ್ನು ಬರೆದುಕೊಂಡು ಹೋಗಿ. ಗೀರನ್ನು ತೊಳೆದು, ಒಣಗಿಸಿ, ಬೆಂಕಿಕಡ್ಡಿಯ ತುದಿಯಿಂದ ಗಾಯದ ಒಳಗೆ ಮಾತ್ರ ತುಂಬುವಂತೆ ಒಂದು ಹನಿ ಇಡಿ. ಆರಿದ ಮೇಲೆ ಇನ್ನೊಂದು ಹನಿ. ಹತ್ತಿರದಿಂದ ನೋಡಿದರೆ ತೇಪೆ ಕಾಣುತ್ತದೆ, ಕಾಣಲಿ. ಬಾಗಿಲಿನ ಉಳಿದ ಭಾಗದ ಕಂಪೆನಿ ಪೇಂಟ್ ಹಾಗೆಯೇ ಉಳಿಯುತ್ತದೆ.