ಸಮಾಧಾನ ನಿಮಗೆ, ಜ್ವರ ಯಾರಿಗೆ?

ಹುಷಾರಿಲ್ಲದೆ ಮನೆಯಲ್ಲಿ ಮಲಗಿದವರಿಗೆ ಈಗ ಹೊಸದೊಂದು ಉಪದೇಶ ಸಿಗ್ತಾ ಇದೆ. "ಕೈಯಲ್ಲಿ ಮಾಡಿದ್ದು ಏನಾದ್ರೂ ತರಿಸಿಕೊಳ್ಳಿ. ಮಣ್ಣಿನ ಲೋಟ, ಕೈಮಗ್ಗದ ಶಾಲು, ಬಿದಿರಿನ ಬುಟ್ಟಿ... ಮನಸ್ಸಿಗೆ ಹಿತ ಆಗುತ್ತೆ, ಬೇಗ ಚೇತರಿಸಿಕೊಳ್ತೀರಿ." ಇದಕ್ಕೆ ಥೆರಪಿ ಅಂತ ಹೆಸರು ಬೇರೆ. ಇನ್ನೊಂದು ಕಡೆ "ದುಡ್ಡು ಹೆಚ್ಚಾಗಿದೆ, ಅದಕ್ಕೇ ಕಾಯಿಲೆ ನೆಪದಲ್ಲಿ ಶಾಪಿಂಗು" ಅಂತ ಮೂಗು ಮುರಿಯೋರೂ ಇದ್ದಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಇಬ್ಬರೂ ಮಾತಾಡ್ತಿರೋದು ಕೊಳ್ಳುವವರ ಬಗ್ಗೆ. ಮಾಡಿದವರ ಸುದ್ದಿಯೇ ಇಲ್ಲ.

ಮೊದಲು ಮೂಗು ಮುರಿಯೋರಿಗೆ ಒಂದು ಮಾತು. ಈ ಹಿತ ಅನ್ನೋದು ಪೇಟೆಯವರು ನಿನ್ನೆ ಕಂಡುಹಿಡಿದದ್ದೇನಲ್ಲ. ನಮ್ಮ ಭೇರ್ಯದ ಕಡೆ ಬಾಣಂತಿ ಕೋಣೆಯಲ್ಲಿ ಏನೇನಿರ್ತಿತ್ತು ನೆನಪು ಮಾಡಿಕೊಳ್ಳಿ. ಕೆಳಗೆ ಚಾಪೆ, ಅದರ ಮೇಲೆ ಕರಿ ಕಂಬಳಿ, ಸಾಂಬ್ರಾಣಿ ಹೊಗೆಗೆ ಕೆಂಡದ ಮಡಿಕೆ, ಹಸುಗೂಸು ಮಲಗಿಸೋಕೆ ಮೊರ, ಹಳೇ ಸೀರೆ ಮಡಿಸಿ ಹೊಲಿದ ಮೆತ್ತನೆ ಹಾಸು. ಮೊರ ಮೇದರು ಹೆಣೆದದ್ದು, ಮಡಿಕೆ ಕುಂಬಾರರದ್ದು, ಕಂಬಳಿ ಕುರುಬರದ್ದು. ಮೈ ನೋವಿದ್ದವರನ್ನ ಕೈಯಲ್ಲಿ ಮಾಡಿದ ವಸ್ತುಗಳ ನಡುವೆ ಮಲಗಿಸೋದು ಆಗ ಫ್ಯಾಷನ್ ಆಗಿರಲಿಲ್ಲ, ಮಾಮೂಲಿಯಾಗಿತ್ತು. ಹಾಗಾಗಿ ಹಿತ ನಿಜ. ಕಾಯಿಲೆ ವಾಸಿ ಮಾಡುತ್ತೆ ಅಂತ ನಾನು ಹೇಳಲ್ಲ, ಅದಕ್ಕೆ ಡಾಕ್ಟರು ಇದ್ದಾರೆ. ಆದ್ರೆ ಒರಟು ಕಂಬಳಿ ಹೊದ್ದು ಬೆಚ್ಚಗೆ ಮಲಗೋ ಸುಖವನ್ನ ಶೋಕಿ ಅನ್ನೋರು ಒಂದು ಸಲ ಹೊದ್ದು ನೋಡಲಿ.

ಈಗ ಥೆರಪಿಯವರ ವಿಷಯಕ್ಕೆ ಬರ್ತೀನಿ.

ಗೌರಿ ಹಬ್ಬ ಹತ್ತಿರ ಬಂದಾಗ ನಮ್ಮ ಕಡೆ ರಸ್ತೆ ಬದಿಯಲ್ಲಿ ಬಾಗಿನದ ಮೊರ ಮಾರೋಕೆ ಹೆಂಗಸರು ಕೂರ್ತಾರೆ. ಮೈಸೂರು-ಹಾಸನ ರಸ್ತೆ ಅಲ್ವಾ, ಕಾರುಗಳಿಗೆ ಬರವಿಲ್ಲ. ಕಾರಿಂದ ಇಳಿದವರು ಮೊರ ತಿರುಗಿಸಿ ನೋಡ್ತಾರೆ, ಜೊತೆಗೆ ಹತ್ತು ರೂಪಾಯಿ ಕಮ್ಮಿ ಮಾಡು ಅಂತ ಕಾಲು ಗಂಟೆ ಚೌಕಾಸಿ. ಆಕೆ ಮಣಿಯದಿದ್ರೆ "ಪ್ಲಾಸ್ಟಿಕ್ ಮೊರ ಇದರ ಅರ್ಧಕ್ಕೆ ಸಿಗುತ್ತೆ" ಅನ್ನೋ ಬ್ರಹ್ಮಾಸ್ತ್ರ. ಅದೇ ಜನ ಫೋನಿನಲ್ಲಿ 'ಹ್ಯಾಂಡ್‌ಮೇಡ್' ಅಂತ ಬರೆದ ಬುಟ್ಟಿಗೆ ಸಾವಿರ ರೂಪಾಯಿ ಕೊಟ್ಟು, ಡೆಲಿವರಿ ಚಾರ್ಜು ಬೇರೆ ಕೊಡ್ತಾರೆ. ಅಲ್ಲಿ ಚೌಕಾಸಿ ಇಲ್ಲ. ಯಾಕೆ? ಅಲ್ಲಿ ಎದುರಿಗೆ ಮನುಷ್ಯರಿಲ್ಲ!

ಆ ಸಾವಿರದಲ್ಲಿ ಹೆಣೆದವರಿಗೆ ಎಷ್ಟು ಹೋಯ್ತು ಅಂತ ಬುಟ್ಟಿಯ ಮೇಲೆ ಎಲ್ಲೂ ಬರೆದಿರಲ್ಲ. ಜಿಎಸ್‌ಟಿ ಬಂದ 2017ರಿಂದ 2023ರ ಸೆಪ್ಟೆಂಬರ್‌ವರೆಗೆ, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸರಕು ಮಾರಬೇಕಾದ್ರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಸಾಮಾನ್ಯವಾಗಿ ನೋಂದಣಿ ಮಾಡಿಸಲೇಬೇಕಿತ್ತು. ತಮ್ಮ ರಾಜ್ಯದೊಳಗೇ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿದ್ದು 2023ರ ಅಕ್ಟೋಬರ್ 1ರಿಂದ. ಎಚ್.ಡಿ.ಕೋಟೆಯ ಹಾಡಿಯಲ್ಲಿ ಬುಟ್ಟಿ ಹೆಣೆಯುವ ಬೆಟ್ಟ ಕುರುಬರು, ಮೈಸೂರಿನ ಮೇದರ ಕೇರಿಯವರು ಪ್ರತಿ ತಿಂಗಳು ರಿಟರ್ನ್ ಸಲ್ಲಿಸ್ತಾ ಕೂರ್ತಿದ್ರು ಅಂತೀರಾ? ಅವರ ಹೆಸರಲ್ಲಿ ಮಾರೋಕೆ ಮಧ್ಯದವರು ಬಂದರು. ಕಥೆ ಹಾಡಿಯದು, ಬಿಲ್ಲು ಬೇರೆಯವರದು.

ಹೊರದೇಶದಲ್ಲೂ ಇದೇ ಹಾಡು. ಕೈಕಸುಬಿನವರ ಮಾರುಕಟ್ಟೆ ಅಂತ 2005ರಲ್ಲಿ ಅಮೆರಿಕದಲ್ಲಿ ಶುರುವಾದ ಎಟ್ಸಿ, 2013ರಲ್ಲಿ ಹೊರಗಿನ ತಯಾರಕರ ಹತ್ತಿರ ಮಾಡಿಸಿದ ಮಾಲಿಗೂ ಒಪ್ಪಿಗೆ ಕೊಟ್ಟಿತು. 2022ರಲ್ಲಿ ತನ್ನ ಕಮಿಷನ್ನನ್ನ ಶೇಕಡಾ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ಅಂಗಡಿ ಮುಚ್ಚಿ ಮುಷ್ಕರ ಹೂಡಿದ್ರು.

ಹೋದ ವರ್ಷ ಕಾಲು ಮುರಿದು ಎರಡು ತಿಂಗಳು ನಾನು ಮಲಗಿದ್ದೆ. ಬೆಂಗಳೂರಿನ ಗೆಳೆಯರೊಬ್ಬರು ಪ್ರೀತಿಯಿಂದ 'ಕೈಮಗ್ಗದ ಕುರಿ ಉಣ್ಣೆ ಕಂಬಳಿ' ಆನ್‌ಲೈನಲ್ಲಿ ತರಿಸಿ ಕಳಿಸಿದ್ರು. ಚಳ್ಳಕೆರೆ ಕಡೆಯ ಕಂಬಳಿ ಬಲ್ಲವರಿಗೆ ಗೊತ್ತು, ಅದಕ್ಕೆ ಹುಣಸೆಬೀಜದ ಗಂಜಿ ಹಾಕ್ತಾರೆ. ಹೊಸ ಕಂಬಳಿ ಬಿಡಿಸಿದ್ರೆ ಗಂಜಿ ವಾಸನೆ, ಕುರಿ ವಾಸನೆ ಎರಡೂ ಮೂಗಿಗೆ ಬಡಿಯುತ್ತೆ. ಇದರಲ್ಲಿ ಪ್ಲಾಸ್ಟಿಕ್ ಚೀಲದ ವಾಸನೆ ಬಿಟ್ಟು ಇನ್ನೇನಿರಲಿಲ್ಲ. ಒಂದು ನೂಲು ಕಿತ್ತು ಬೆಂಕಿಗೆ ಹಿಡಿದ್ರೆ ಕರಗಿ ಗಂಟಾಯ್ತು. ಉಣ್ಣೆ ಆಗಿದ್ರೆ ಕೂದಲು ಸುಟ್ಟ ವಾಸನೆ ಬರಬೇಕು, ಪುಡಿ ಆಗಬೇಕು. ಮಾರಿದವರಿಗೆ ಬರೆದು ಕೇಳಿದ್ರೆ "ಇದು ಹ್ಯಾಂಡ್‌ಮೇಡ್ ಸ್ಟೈಲ್" ಅನ್ನೋ ಉತ್ತರ! ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಒಂದು ಗುರುತಾದ್ರೂ ಇದೆ. ಬುಟ್ಟಿಗೆ, ಚಾಪೆಗೆ, ಲೋಟಕ್ಕೆ 'ಹ್ಯಾಂಡ್‌ಮೇಡ್' ಅಂತ ಯಾರು ಬೇಕಾದ್ರೂ ಬರ್ಕೋಬಹುದು.

ಮೋಸ ಒತ್ತಟ್ಟಿಗಿರಲಿ. ಅಪ್ಪಟ ಕೈಕೆಲಸದ ವಸ್ತುವೇ ನಿಮ್ಮ ಮಂಚಕ್ಕೆ ಬಂತು ಅಂತಿಟ್ಟುಕೊಳ್ಳಿ. ನೀವು ಚೇತರಿಸಿಕೊಳ್ಳೋಕೆ ಅದು ಜೊತೆಗಿರುತ್ತೆ. ಅದನ್ನ ಮಾಡಿದವರಿಗೆ ಜ್ವರ ಬಂದ್ರೆ?

ಕಾರ್ಖಾನೆಯಲ್ಲಿ ಇಎಸ್‌ಐ ಇರೋ ಕಾರ್ಮಿಕರು ಹುಷಾರು ತಪ್ಪಿದ್ರೆ, ಅರ್ಹರಿಗೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಅಂದ್ರೆ ಯಂತ್ರದಲ್ಲಿ ಕಂಬಳಿ ಮಾಡೋನು ಮಲಗಿ ಚೇತರಿಸಿಕೊಳ್ಳಬಹುದು. ಮನೆಯ ಗುಂಡಿ ಮಗ್ಗದಲ್ಲಿ ಕೂತು ನೇಯೋನಿಗೆ ಅದಿಲ್ಲ. ನೇಕಾರರಿಗೆ ಅಂತ 2005-06ರಲ್ಲಿ ಆರೋಗ್ಯ ವಿಮೆ ಬಂದಾಗ ಒಂದು ಕುಟುಂಬಕ್ಕೆ ವರ್ಷಕ್ಕೆ ಇದ್ದ ಮಿತಿ 15,000 ರೂಪಾಯಿ. ಈಗಿನ ಆಯುಷ್ಮಾನ್ ಯೋಜನೆಯಲ್ಲಿ ಬಡ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಒಳ್ಳೇದೇ. ಆದ್ರೆ ಅದು ಆಸ್ಪತ್ರೆ ಬಿಲ್ಲಿಗೆ. ಮನೆಗೆ ಬಂದಮೇಲೆ ಮಗ್ಗ ನಿಂತ ದಿನಗಳ ಅನ್ನಕ್ಕಲ್ಲ. 2019-20ರ ಕೈಮಗ್ಗ ಗಣತಿಯಲ್ಲಿ ಮೂರರಲ್ಲಿ ಎರಡರಷ್ಟು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಮ್ಮಿ ಇತ್ತು. ಇವರು ಎಷ್ಟು ದಿನ ಮಲಗಬಹುದು? ನೀವೇ ಲೆಕ್ಕ ಹಾಕಿ. ಚೇತರಿಕೆ ಅನ್ನೋದು ಕೊಳ್ಳುವವರ ಸೊತ್ತು, ದುಡಿಮೆ ಅನ್ನೋದು ಮಾಡುವವರ ಪಾಲು ಅಂತಾದ್ರೆ ಆ ಥೆರಪಿಗೆ ನನ್ನ ದೊಡ್ಡ ನಮಸ್ಕಾರ.

ಕರ್ನಾಟಕದಲ್ಲೇ ನಡೆದ ಒಂದು ಚೇತರಿಕೆಯ ಕಥೆ ಇದೆ. 1927ರ ಮಾರ್ಚ್ ಕೊನೆಯಲ್ಲಿ ಗಾಂಧೀಜಿ ಪ್ರವಾಸದ ನಡುವೆ ಕುಸಿದರು. ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ಪಡೆದರು. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನ ಉದ್ಘಾಟಿಸಿದರು, ಅದೇ ವರ್ಷ ನಮ್ಮ ಮೈಸೂರು ಜಿಲ್ಲೆಯ ನಂಜನಗೂಡು ಬಳಿಯ ಬದನವಾಳಿನ ಖಾದಿ ಕೇಂದ್ರಕ್ಕೂ ಬಂದರು. ಕಾಯಿಲೆಯಿಂದ ಎದ್ದ ಮನುಷ್ಯ ಖಾದಿ ಕೊಳ್ಳಿ ಅಂದದ್ದು ಕೊಳ್ಳುವವರ ಮನಸ್ಸಿನ ಹಿತಕ್ಕಲ್ಲ, ನೂಲುವವರ ಹೊಟ್ಟೆಗೆ. ಈಗ ನಾವು ಅದನ್ನೇ ತಿರುವು ಮುರುವು ಮಾಡಿಕೊಂಡು ಕೂತಿದ್ದೀವಿ.

ಸರ್ಕಾರ ನೋಡಿಕೊಳ್ಳಲಿ ಬಿಡಿ ಅಂತೀರಾ? 2017ರಲ್ಲಿ ಕೈ ಉತ್ಪನ್ನಗಳಿಗೆ ಸೊನ್ನೆ ತೆರಿಗೆ ಇರಲಿ ಅಂತ ರಂಗಕರ್ಮಿ ಪ್ರಸನ್ನ ಉಪವಾಸ ಕೂತರು. ಅವರೇ ಕಟ್ಟಿದ, ಸಾಗರ ತಾಲ್ಲೂಕಿನ ಭೀಮನಕೋಣೆಯ ಹೆಂಗಸರ 'ಚರಕ' ಸಂಸ್ಥೆ 2020ರಲ್ಲಿ ದಿವಾಳಿ ಅಂತ ಘೋಷಿಸಿಕೊಳ್ಳಬೇಕಾಯ್ತು. ಅದೇ 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಆಡಳಿತದಲ್ಲಿ ಯಾರೇ ಇರಲಿ, ಕೇಳದೆ ಏನೂ ಸಿಗಲ್ಲ. ಹಾಗಾಗಿ ಕೇಳಬೇಕಾದ್ದು ಏನು ಅಂದ್ರೆ, ಕಸುಬುದಾರರಿಗೂ ಕಾಯಿಲೆ ದಿನಗಳ ಭತ್ಯೆ. ಇಎಸ್‌ಐ ತರಹದ್ದು. ಕೈಮಗ್ಗದವರಿಗಷ್ಟೇ ಅಲ್ಲ, ಮೇದರಿಗೆ, ಕುಂಬಾರರಿಗೆ, ಹಾಡಿಯವರಿಗೂ.

"ಕಾಯಿಲೆ ಬಿದ್ದು ಸಾಲ ಮಾಡಿದವನು ದುಬಾರಿ ವಸ್ತು ಹೇಗೆ ಕೊಳ್ಳೋದು?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳಬೇಡಿ. ಔಷಧಿಗೆ ಮೊದಲು ಖರ್ಚು ಮಾಡಿ. ಮನೆಯ ಅಟ್ಟದಲ್ಲಿ ಅಜ್ಜಿಯ ಕಂಬಳಿ ಇದ್ರೆ ಬಿಸಿಲಿಗೆ ಹಾಕಿ ಹೊದ್ದುಕೊಳ್ಳಿ. ನಾನು ಹೇಳ್ತಿರೋದು ಕೊಳ್ಳೋ ಶಕ್ತಿ ಇದ್ದೂ ಚೌಕಾಸಿ ಮಾಡೋರಿಗೆ. ಬರೋ ಸಂಕ್ರಾಂತಿಗೆ ಚುಂಚನಕಟ್ಟೆ ಜಾತ್ರೆಗೆ ಹೋಗ್ತೀರಲ್ಲ, ಬುಟ್ಟಿನೋ ಮೊರನೋ ಕಂಡ್ರೆ ಕೇಳಿದ ಬೆಲೆ ಕೊಡಿ. ಮಾಡಿದ್ದು ನೀವೇನಾ, ಎಷ್ಟು ದಿನ ಹಿಡೀತು, ಬಿದಿರು ಎಲ್ಲಿಂದ ತರ್ತೀರಿ ಅಂತ ಕೇಳಿ. ಆನ್‌ಲೈನ್ ಅಂಗಡಿಯವರಿಗೂ ಇದೇ ಪ್ರಶ್ನೆ ಕೇಳಿ, ಉತ್ತರ ಬರದಿದ್ರೆ ಕೊಳ್ಳಬೇಡಿ. ಚೌಕಾಸಿಯಲ್ಲಿ ಉಳಿಸೋ ಆ ಹತ್ತು ರೂಪಾಯಿ ಆಕೆ ಜ್ವರ ಬಂದು ಮಲಗೋ ದಿನದ್ದು.

ನಿಮಗೇನನ್ನಿಸುತ್ತೆ? ಒಪ್ಪದಿದ್ರೆ ಜಗಳಕ್ಕೆ ಬನ್ನಿ, ಕಾಲು ಈಗ ಸರಿಹೋಗಿದೆ.