ಫೋನು ಎಣಿಸಿಕೊಟ್ಟರೆ ಲೆಕ್ಕ ನಮಗೆ ಬಂದಂತಾಯಿತೇ? ಗೋ ಆಟದ ಆಪ್‌ಗಳ ಬಗ್ಗೆ



ಹೊಸೂರಿನ ಸದಸ್ಯೆಯೊಬ್ಬರು ಹೋದ ತಿಂಗಳು ಸಂಘದ ಕಚೇರಿಗೆ ಫೋನ್ ಮಾಡಿದ್ದರು. "ಸಾರ್, ನಮ್ಮ ಹುಡುಗ ದಿನಾ ರಾತ್ರಿ ಫೋನಲ್ಲಿ ಕಪ್ಪು ಬಿಳಿ ಕಾಯಿ ಇಟ್ಟು ಆಡ್ತಾನೆ. ಎದುರಿಗೆ ಆಡೋರು ಕೊರಿಯಾದವರಂತೆ. ಇದು ದುಡ್ಡು ಕಟ್ಟೋ ಆಟ ಅಲ್ಲ ತಾನೇ?" ಎಂದು ಕೇಳಿದರು. ಅದೇ ವಾರ ಕಾಸರಗೋಡಿನ ನಿವೃತ್ತ ಮಾಸ್ತರರೊಬ್ಬರು ಬೇರೊಂದು ಪ್ರಶ್ನೆ ಬರೆದು ಕಳಿಸಿದರು: "ಗೋ ಆಟವನ್ನು ಆಪ್‌ಗಳೇ ಚೆನ್ನಾಗಿ ಕಲಿಸುತ್ತವಲ್ಲ, ಇನ್ನು ಕಲಿಸುವ ಮನುಷ್ಯ ಯಾಕೆ ಬೇಕು?" ಇಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ಪ್ರಶ್ನೆ ಸುಲಭ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಹೆತ್ತವರಲ್ಲಿ ಇಂಥ ಅಂಜಿಕೆ ಸಹಜ. ಆದರೆ ಗೋ ಆಟದಲ್ಲಿ ದಾಳವಿಲ್ಲ, ಇಸ್ಪೀಟ್ ಎಲೆಯಿಲ್ಲ, ಅದೃಷ್ಟಕ್ಕೆ ಜಾಗವೇ ಇಲ್ಲ. ಚದುರಂಗದ ಹಾಗೆ ಇಬ್ಬರು ಕೂತು ಬುದ್ಧಿಯಿಂದ ಆಡುವ ಆಟ. ತಾಯಿಯವರು ಗಮನಿಸಬೇಕಾದದ್ದು ಒಂದೇ: ಕೆಲವು ಆಪ್‌ಗಳು ತಿಂಗಳ ಚಂದಾ ಕೇಳುತ್ತವೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಹಣ ತಾನಾಗಿ ಕಡಿತವಾಗುತ್ತಾ ಹೋಗುತ್ತದೆ. ಅದನ್ನು ನೋಡಿಕೊಂಡರೆ ಸಾಕು.

ಮಾಸ್ತರರ ಪ್ರಶ್ನೆ ಅಷ್ಟು ಸುಲಭವಲ್ಲ. ಅದಕ್ಕೆ ಮೊದಲು ಆಟದ ಪರಿಚಯ ನಾಲ್ಕು ಮಾತಿನಲ್ಲಿ.

ಮಣೆಯ ಮೇಲೆ 19 ಅಡ್ಡ ಗೆರೆ, 19 ಉದ್ದ ಗೆರೆ. ಗೆರೆಗಳು ಕೂಡುವ 361 ಬಿಂದುಗಳಲ್ಲಿ ಒಬ್ಬರು ಕಪ್ಪು ಕಾಯಿ, ಇನ್ನೊಬ್ಬರು ಬಿಳಿ ಕಾಯಿ ಸರದಿಯಂತೆ ಇಡುತ್ತಾರೆ. ಇಟ್ಟ ಕಾಯಿಯನ್ನು ಕದಲಿಸುವಂತಿಲ್ಲ. ಕಾಯಿಯ ಪಕ್ಕದ ಖಾಲಿ ಬಿಂದುಗಳಿಗೆ ಚೀನಿಯರು ಉಸಿರು ಎನ್ನುತ್ತಾರೆ. ನಾಲ್ಕೂ ಕಡೆಯಿಂದ ಉಸಿರು ಕಟ್ಟಿದರೆ ಆ ಕಾಯಿ ಸೆರೆ. ಕೊನೆಗೆ ಹೆಚ್ಚು ಜಾಗ ಸುತ್ತುವರಿದವರು ಗೆದ್ದಂತೆ. ಚೀನಾದಲ್ಲಿ 2,000 ವರ್ಷಗಳಿಗೂ ಹಿಂದೆ ಹುಟ್ಟಿದ ಈ ಆಟಕ್ಕೆ ಅಲ್ಲಿ ವೇಯ್‌ಚಿ ಎಂದು ಹೆಸರು, ಕೊರಿಯಾದಲ್ಲಿ ಬಾದುಕ್, ಜಪಾನಿನಲ್ಲಿ ಗೋ ಅಥವಾ ಇಗೊ. ಪಶ್ಚಿಮದ ದೇಶಗಳಿಗೆ ಜಪಾನಿನ ಮೂಲಕ ತಲುಪಿದ್ದರಿಂದ ಹೊರಗೆ ಗೋ ಎಂಬ ಹೆಸರೇ ನಿಂತಿತು.

ಆಪ್‌ಗಳು ಮಾಡಿದ ಉಪಕಾರವನ್ನು ಮೊದಲು ಹೇಳಬೇಕು. ಮೂವತ್ತು ನಲವತ್ತು ವರ್ಷಗಳ ಹಿಂದೆ ನಮ್ಮಂಥ ಊರಿನ ಹುಡುಗನೊಬ್ಬ ಈ ಆಟ ಕಲಿಯಬೇಕೆಂದರೆ ಮಣೆ ಸಿಗುತ್ತಿರಲಿಲ್ಲ, ಎದುರಾಳಿ ಸಿಗುತ್ತಿರಲಿಲ್ಲ, ಪುಸ್ತಕವೂ ಸಿಗುತ್ತಿರಲಿಲ್ಲ. 1992ರಲ್ಲಿ ಶುರುವಾದ ಇಂಟರ್‌ನೆಟ್ ಗೋ ಸರ್ವರ್ ಈಗಲೂ ಪಾಂಡಾನೆಟ್ ಹೆಸರಿನಲ್ಲಿ ನಡೆಯುತ್ತಿದೆ. ಆನ್‌ಲೈನ್ ಗೋ ಸರ್ವರ್‌ನಲ್ಲಿ ಒಂದು ನಡೆಗೆ ಒಂದು ದಿನವೋ ಮೂರು ದಿನವೋ ತೆಗೆದುಕೊಂಡು, ಕಾಗದ ಬರೆದ ಹಾಗೆ, ನಿಧಾನವಾಗಿಯೂ ಆಡಬಹುದು. ಬಿಡುವಿಲ್ಲದ ಕೆಲಸದವರಿಗೆ ಇದು ಅನುಕೂಲ. ಬಾದುಕ್‌ಪಾಪ್ ಎಂಬ ಆಪ್ ಹೊಸಬರಿಗೆ ಮೊದಲ ಪಾಠದಿಂದ ಹೇಳಿಕೊಡುತ್ತದೆ. ತ್ಸುಮೆಗೊ ಪ್ರೊ ದಿನಕ್ಕಿಷ್ಟು ಎಂದು ಸಮಸ್ಯೆಗಳನ್ನು ಕೊಡುತ್ತದೆ: ಈ ಗುಂಪು ಬದುಕುತ್ತದೋ ಸಾಯುತ್ತದೋ, ಮೊದಲ ಕಾಯಿ ಎಲ್ಲಿಡಬೇಕು ಎಂಬ ಬಾಯಿಲೆಕ್ಕದಂಥ ಅಭ್ಯಾಸ. ಸ್ಮಾರ್ಟ್‌ಗೋ ಆಪ್‌ನಲ್ಲಿ ಹಳೆಯ ಆಟಗಳ ದಾಖಲೆ, ಪುಸ್ತಕಗಳು ಇವೆ. ಇದನ್ನು ಮಾಡಿದ ಆಂಡರ್ಸ್ ಕಿಯೆರುಲ್ಫ್ ಅವರೇ ಆಟವನ್ನು ಬರೆದಿಡುವ ಎಸ್‌ಜಿಎಫ್ ಎಂಬ ಕಡತದ ಮಾದರಿಯನ್ನೂ ರೂಪಿಸಿದರು. ಒಂದು ಆಪ್‌ನಲ್ಲಿ ಬರೆದಿಟ್ಟ ಆಟ ಇನ್ನೊಂದರಲ್ಲಿ ತೆರೆಯುವುದು ಇದರಿಂದಲೇ. ಕಚೇರಿಯಿಂದ ಕಚೇರಿಗೆ ಕಡತ ಹೋದಾಗ ನಮೂನೆ ಬದಲಾಗಿ ಪರದಾಡಿದ ನಮಗೆ ಇದರ ಬೆಲೆ ಗೊತ್ತು. ನಾವು ತೆರೆದು ನೋಡಿದ ಆಪ್‌ಗಳಲ್ಲಿ ಕನ್ನಡ ಕಾಣಲಿಲ್ಲ. ಆದರೆ ಆಟದಲ್ಲಿ ಮಾತು ಕಡಿಮೆ, ಹತ್ತಿಪ್ಪತ್ತು ಪದ ತಿಳಿದರೆ ಮಕ್ಕಳಿಗೆ ತೊಡಕಾಗದು.

ಇನ್ನು ಯಂತ್ರದ ವಿಚಾರ. 2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಲೀ ಸೆಡಾಲ್ ಅವರನ್ನು 4–1ರಿಂದ ಸೋಲಿಸಿತು. ಎರಡನೇ ಆಟದಲ್ಲಿ ಯಂತ್ರ ಇಟ್ಟ 37ನೇ ಕಾಯಿ ಪರಿಣತರಿಗೂ ಮೊದಲು ತಪ್ಪಿನ ಹಾಗೆ ಕಂಡಿತ್ತು. ನಾಲ್ಕನೇ ಆಟವನ್ನು ಲೀ ಗೆದ್ದರು. ಮರುವರ್ಷ ಚೀನಾದ ವೂಜೆನ್‌ನಲ್ಲಿ ಕೆ ಜಿಯೆ 0–3ರಿಂದ ಸೋತರು. 2019ರಲ್ಲಿ ಲೀ ನಿವೃತ್ತಿ ಘೋಷಿಸಿದಾಗ, ಮೊದಲ ಸ್ಥಾನಕ್ಕೆ ಏರಿದರೂ ಸೋಲಿಸಲಾಗದ ಒಂದು ಶಕ್ತಿ ಮೇಲಿದೆ ಎಂಬ ಅರ್ಥದ ಮಾತು ಹೇಳಿದರು. ಅದೇ ವರ್ಷ ಡೇವಿಡ್ ವು ಎಂಬವರು ಕಾಟಾಗೋ ಎಂಬ ಪ್ರೋಗ್ರಾಂ ಅನ್ನು ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟರು. ಇಂದು ಅದು ಹಲವು ಆಪ್‌ಗಳ ಒಳಗೆ ಕೂತಿದೆ. ಅಂದರೆ ಜಗತ್ತಿನ ಯಾವ ಚಾಂಪಿಯನ್‌ಗಿಂತಲೂ ಬಲವಾದ ಆಟಗಾರ ಹೊಸೂರಿನ ಹುಡುಗನ ಜೇಬಿನಲ್ಲಿದ್ದಾನೆ.

ಹಾಗಿದ್ದರೆ ಮೇಷ್ಟ್ರು ಯಾಕೆ? ಇದಕ್ಕೆ ನಮಗೆ ಹೊಳೆದ ಉತ್ತರ ಇಷ್ಟು: ಫೋನು ನಮ್ಮ ಬದಲು ಮೂರು ಕೆಲಸ ಮಾಡುತ್ತದೆ. ಆ ಮೂರನ್ನೂ ನಾವು ಕಲಿಯದೆ ಬಿಡುತ್ತೇವೆ.

ಮೊದಲನೆಯದು, ಕಾರಣ ಹುಡುಕುವುದು. ಆಟ ಮುಗಿದ ಮೇಲೆ ಆಪ್ ಪ್ರತಿ ನಡೆಯ ಮುಂದೆ ಒಂದು ಅಂಕಿ ಬರೆಯುತ್ತದೆ. ಈ ಕಾಯಿ ಇಟ್ಟಾಗ ಗೆಲ್ಲುವ ಸಾಧ್ಯತೆ ಶೇ. 62 ಇದ್ದದ್ದು ಶೇ. 41ಕ್ಕೆ ಇಳಿಯಿತು, ಅಲ್ಲಿ ಇಡಬೇಕಿತ್ತು, ಇಷ್ಟೇ. ಯಾಕೆ ಎಂದು ಕೇಳಿದರೆ ಮುಂದಿನ ಇಪ್ಪತ್ತು ನಡೆ ತೋರಿಸುತ್ತದೆ, ಮಾತಿನಲ್ಲಿ ಹೇಳುವುದಿಲ್ಲ. ಓಚರ್ ಇಲ್ಲದೆ ಬಾಕಿ ಮೊತ್ತ ಮಾತ್ರ ಬರೆದ ಲೆಡ್ಜರ್ ಇದ್ದ ಹಾಗೆ. ಮೊತ್ತ ಸರಿಯೇ ಇರುತ್ತದೆ, ಆದರೆ ಅದನ್ನು ನೋಡಿ ಯಾರೂ ಲೆಕ್ಕ ಬರೆಯಲು ಕಲಿಯಲಾರರು. ಗುರುವಾದವನು "ನಿನ್ನ ಈ ಗುಂಪು ಬಡವಾಗಿದೆ, ಅದನ್ನು ಕಾಯುವುದು ಬಿಟ್ಟು ಆಚೆ ಹೋದೆ" ಎಂದು ಒಂದು ವಾಕ್ಯ ಹೇಳುತ್ತಾನೆ. ಹುಡುಗನಿಗೆ ಮುಂದಿನ ನೂರು ಆಟಕ್ಕೆ ಅದು ನೆನಪಿರುತ್ತದೆ.

ಯಂತ್ರದ ಅಂಕಿ ಯಾವಾಗಲೂ ನಿಜವೂ ಅಲ್ಲ. 2023ರ ಫೆಬ್ರವರಿಯಲ್ಲಿ ಸುದ್ದಿಯಾದ ಪ್ರಸಂಗ ಹೀಗಿದೆ. ಸಂಶೋಧಕರು ಇನ್ನೊಂದು ಪ್ರೋಗ್ರಾಂ ಬಳಸಿ ಈ ಯಂತ್ರಗಳ ದೌರ್ಬಲ್ಯ ಹುಡುಕಿದರು. ಕೆಲಿನ್ ಪೆಲ್ರಿನ್ ಎಂಬ ಅಮೆರಿಕದ ಹವ್ಯಾಸಿ ಆಟಗಾರ ಆ ಉಪಾಯ ಕಲಿತು, ಆಡುವಾಗ ಕಂಪ್ಯೂಟರ್ ಸಹಾಯವಿಲ್ಲದೆಯೇ, 15ರಲ್ಲಿ 14 ಆಟ ಗೆದ್ದರು. ಉಪಾಯ ಇಷ್ಟೇ: ಯಂತ್ರದ ಒಂದು ಗುಂಪಿನ ಸುತ್ತ ದೊಡ್ಡ ಉಂಗುರದಂತೆ ನಿಧಾನವಾಗಿ ಕಾಯಿ ಇಡುತ್ತಾ ಹೋಗುವುದು, ನಡುನಡುವೆ ಬೇರೆ ಮೂಲೆಯಲ್ಲಿ ಆಡಿ ಅದರ ಗಮನ ಸೆಳೆಯುವುದು. ಸಾಮಾನ್ಯ ಆಟಗಾರನೂ ಗಮನಿಸುವಂಥ ಈ ಮುತ್ತಿಗೆ ಯಂತ್ರಕ್ಕೆ ಕೊನೆಯವರೆಗೂ ಕಾಣಲಿಲ್ಲ. ಅಂಕಿ ಮಾತ್ರ ತಾನೇ ಗೆಲ್ಲುತ್ತಿದ್ದೇನೆ ಎನ್ನುತ್ತಿತ್ತು.

ಎರಡನೆಯದು, ಸೋಲನ್ನು ತಡೆದುಕೊಳ್ಳುವುದು. ಉತ್ತರ ಜೇಬಿನಲ್ಲೇ ಇರುವಾಗ ಕದ್ದು ನೋಡದಿರುವುದು ಕಷ್ಟ. 2020ರಲ್ಲಿ ಕೊರಿಯಾದ 13 ವರ್ಷದ ವೃತ್ತಿಪರ ಆಟಗಾರ್ತಿಯೊಬ್ಬಳು ಆನ್‌ಲೈನ್ ಪಂದ್ಯದಲ್ಲಿ ಯಂತ್ರದ ಸಹಾಯ ಪಡೆದು ಸಿಕ್ಕಿಬಿದ್ದಳು. ತಪ್ಪು ಒಪ್ಪಿಕೊಂಡಳು. ಕೊರಿಯಾದ ಬಾದುಕ್ ಸಂಸ್ಥೆ ಒಂದು ವರ್ಷ ಅಮಾನತು ಮಾಡಿತು. ಆಕೆ ಮರಳಿ ಬಂದು ಇಂದು ಅಲ್ಲಿನ ಮುಂಚೂಣಿ ಆಟಗಾರ್ತಿಯರಲ್ಲಿ ಒಬ್ಬಳು ಎಂಬುದು ಸಮಾಧಾನದ ಸಂಗತಿ. ಅಷ್ಟು ಪ್ರತಿಭೆ ಇದ್ದವಳಿಗೇ ಆ ಸೆಳೆತ ಬಂದಿದ್ದರೆ ನಮ್ಮ ಮನೆಯ ಮಕ್ಕಳಿಗೆ ಬಾರದೆ? ಎದುರಿಗೆ ಮುಖವಿಲ್ಲದೆ ಹೆಸರು ಮಾತ್ರ ಇದ್ದಾಗ ಮೋಸ ಮೋಸವೆನಿಸುವುದಿಲ್ಲ. ಮಣೆಯ ಆಚೆ ಪಕ್ಕದ ಬೀದಿಯ ಗೆಳೆಯನೇ ಕೂತಿದ್ದರೆ ಹಾಗಲ್ಲ.

ಮೂರನೆಯದು, ಎಣಿಸುವುದು. ಇದು ಎಲ್ಲಕ್ಕಿಂತ ಚಿಕ್ಕದೆಂದು ನಾವೂ ಅಂದುಕೊಂಡಿದ್ದೆವು. 2025ರ ಜನವರಿಯಲ್ಲಿ ಸೋಲ್‌ನಲ್ಲಿ ನಡೆದ ಎಲ್‌ಜಿ ಕಪ್ ಫೈನಲ್ ಆ ಎಣಿಕೆಯ ಕಾರಣಕ್ಕೇ ಎರಡು ದೇಶಗಳ ಜಗಳವಾಯಿತು.

ಆಡಿದವರು ಚೀನಾದ ಕೆ ಜಿಯೆ, ಕೊರಿಯಾದ ಬ್ಯೊನ್ ಸಾಂಗ್ ಇಲ್. ಮೂರು ಆಟಗಳ ಫೈನಲ್‌ನಲ್ಲಿ ಮೊದಲನೆಯದನ್ನು ಕೆ ಜಿಯೆ ಗೆದ್ದರು. ಎರಡನೆಯದರಲ್ಲಿ, ಸೆರೆ ಹಿಡಿದ ಕಾಯಿಗಳನ್ನು ಬಟ್ಟಲಿನ ಮುಚ್ಚಳದಲ್ಲಿ ಇಡಲಿಲ್ಲವೆಂದು ತೀರ್ಪುಗಾರರು ಎರಡು ಅಂಕ ಕಳೆದರು. ಅದೇ ತಪ್ಪು ಮತ್ತೆ ಆದಾಗ ಆಟವನ್ನೇ ಸೋತರೆಂದು ಸಾರಿದರು. ಮೂರನೆಯದರಲ್ಲಿ ಮತ್ತೆ ದಂಡ ಬಿದ್ದಾಗ ಕೆ ಜಿಯೆ ಪ್ರತಿಭಟಿಸಿ ಆಟ ಮುಂದುವರಿಸಲಿಲ್ಲ. ಕಪ್ ಬ್ಯೊನ್ ಅವರಿಗೆ ಹೋಯಿತು. ಚೀನಾದ ಸಂಸ್ಥೆ ಫಲಿತಾಂಶ ಒಪ್ಪಲಿಲ್ಲ. ಕೊರಿಯಾ ಆಮೇಲೆ ಆ ದಂಡದ ನಿಯಮವನ್ನು ಸಡಿಲಿಸಿತು.

ಒಂದು ಮುಚ್ಚಳಕ್ಕೆ ಇಷ್ಟೆಲ್ಲ ಯಾಕೆ? ಎರಡು ದೇಶಗಳು ಒಂದೇ ಆಟವನ್ನು ಎರಡು ರೀತಿ ಎಣಿಸುತ್ತವೆ. ಚೀನೀ ಪದ್ಧತಿಯಲ್ಲಿ ಮಣೆಯ ಮೇಲೆ ಉಳಿದ ನಿಮ್ಮ ಕಾಯಿ, ನೀವು ಸುತ್ತುವರಿದ ಖಾಲಿ ಜಾಗ ಎರಡನ್ನೂ ಕೂಡುತ್ತಾರೆ. ಸೆರೆ ಸಿಕ್ಕ ಕಾಯಿ ಲೆಕ್ಕಕ್ಕೇ ಬರುವುದಿಲ್ಲ, ಎಲ್ಲಿಟ್ಟರೂ ನಡೆಯುತ್ತದೆ. ಕೊರಿಯಾ ಮತ್ತು ಜಪಾನಿನಲ್ಲಿ ಖಾಲಿ ಜಾಗ ಮಾತ್ರ ಎಣಿಸುತ್ತಾರೆ, ಸೆರೆ ಕಾಯಿಗಳನ್ನು ಕೊನೆಗೆ ಎದುರಾಳಿಯ ಜಾಗದಲ್ಲಿ ತುಂಬಿ ಅಷ್ಟನ್ನು ಕಳೆಯುತ್ತಾರೆ. ಹಾಗಾಗಿ ನನ್ನ ಎಷ್ಟು ಕಾಯಿ ನಿಮ್ಮಲ್ಲಿದೆ ಎಂದು ನನಗೆ ಆಟದ ಉದ್ದಕ್ಕೂ ಕಾಣುತ್ತಿರಬೇಕು. ಸಾಮಾನ್ಯವಾಗಿ ಎರಡು ಪದ್ಧತಿಗೂ ಒಂದು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಆದರೆ ಚಿಕ್ಕಂದಿನಿಂದ ಕೈಗೆ ಬಂದ ರೂಢಿ ಬೇರೆ ಬೇರೆ. ನಿಯಮ ಬರೆದವರು ಇನ್ನೊಬ್ಬರ ರೂಢಿಯನ್ನು ನೆನೆಯಲಿಲ್ಲ, ಆಡಲು ಬಂದವರು ಹೊಸ ಮನೆಯ ಪದ್ಧತಿಗೆ ಕೈ ಪಳಗಿಸಿಕೊಳ್ಳಲಿಲ್ಲ. ತಪ್ಪು ಎರಡೂ ಕಡೆ ಇದೆ ಎಂಬುದು ನಮ್ಮ ಅಭಿಪ್ರಾಯ. ಗಡಿಯಲ್ಲಿ ಬದುಕುವ ನಮಗೆ ಇದು ಹೊಸದೇನಲ್ಲ.

ಫೋನಿನಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಆಟದ ಶುರುವಿಗೆ ಚೀನೀ ನಿಯಮವೋ ಜಪಾನೀ ನಿಯಮವೋ ಎಂದು ಒಂದು ಸಲ ಒತ್ತಿದರೆ ಮುಗಿಯಿತು. ಸೆರೆ ಕಾಯಿಯನ್ನು ಅದೇ ಎತ್ತುತ್ತದೆ, ಅದೇ ಎಣಿಸುತ್ತದೆ, ಗೆದ್ದವರ ಹೆಸರನ್ನೂ ಅದೇ ಹೇಳುತ್ತದೆ. ನಮ್ಮ ಸಂಘದ ಓದುವ ಕೋಣೆಗೆ ಬರುವ ಹುಡುಗನೊಬ್ಬ ಫೋನಿನಲ್ಲಿ ನೂರಾರು ಆಟ ಆಡಿದವನು. ಮಣೆಯ ಮುಂದೆ ಕೂರಿಸಿದೆವು. ಚೆನ್ನಾಗಿಯೇ ಆಡಿದ. ಕೊನೆಗೆ "ಯಾರು ಗೆದ್ದರಪ್ಪ?" ಎಂದು ಕೇಳಿದರೆ ನಮ್ಮ ಮುಖ ನೋಡಿದ. ಕಾಯಿಗಳನ್ನು ಸರಿಸಿ, ಜಾಗವನ್ನು ಹತ್ತು ಹತ್ತರ ಚೌಕ ಮಾಡಿ, ನೋಟಿನ ಕಟ್ಟು ಎಣಿಸಿದ ಹಾಗೆ ಎಣಿಸುವುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ತೋರಿಸಿದೆವು. ಆರು ಅಂಕದಿಂದ ತಾನೇ ಸೋತದ್ದು ಅವನ ಕೈಯಿಂದಲೇ ಹೊರಬಂತು. ಆ ದಿನ ಅವನು ಸೋಲನ್ನು ಯಾರ ಮೇಲೂ ಹಾಕಲಿಲ್ಲ.

ಹಾಗಾಗಿ ಮಾಸ್ತರರಿಗೆ ನಮ್ಮ ಉತ್ತರ: ಆಪ್ ಇರಲಿ, ನೀವೂ ಇರಿ. ನಮಗೆ ಸರಿಯೆನಿಸಿದ ಕ್ರಮ ಹೀಗಿದೆ:

• ಮೊದಲು 9 ಗೆರೆಯ ಚಿಕ್ಕ ಮಣೆ. ಆಟ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ರಟ್ಟಿನ ಮೇಲೆ ಗೆರೆ ಎಳೆದು ಕಪ್ಪು, ಬಿಳಿ ಅಂಗಿ ಗುಂಡಿ ಇಟ್ಟರೂ ಆದೀತು. ಬಣ್ಣಕ್ಕೆ ನಲವತ್ತು ಗುಂಡಿ ಸಾಕು.
• ದಿನಕ್ಕೆ ಐದು ಸಮಸ್ಯೆ ಫೋನಿನಲ್ಲಿ. ಉತ್ತರ ಒತ್ತುವ ಮೊದಲು ಕಾರಣವನ್ನು ಬಾಯಿಬಿಟ್ಟು ಹೇಳಬೇಕು.
• ಆಟ ಮುಗಿದ ಮೇಲೆ ಮಗುವೇ ತನ್ನ ಮೂರು ತಪ್ಪು ಗುರುತಿಸಬೇಕು. ಯಂತ್ರದ ಅಂಕಿ ನೋಡುವುದು ಆಮೇಲೆ.
• ವಾರಕ್ಕೊಂದು ಆಟ ಮಣೆಯ ಮೇಲೆ, ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು. ಎಣಿಕೆ ಕೈಯಲ್ಲೇ.

ಸಂಘದ ಓದುವ ಕೋಣೆಯಲ್ಲಿ ಭಾನುವಾರ ಸಂಜೆ 4ರಿಂದ 6ರವರೆಗೆ ಎರಡು ಮಣೆ ಹಾಕಿರುತ್ತೇವೆ. ಹೊಸೂರಿನ ಹುಡುಗ ತಾಯಿಯ ಜೊತೆ ಬರುತ್ತೇನೆಂದು ಒಪ್ಪಿದ್ದಾನೆ. ಸೊಲ್ಲಾಪುರ, ಮಡಕಶಿರಾ ಕಡೆಯ ಸದಸ್ಯರು ತಮ್ಮ ಊರಿನಲ್ಲೇ ಶುರು ಮಾಡುವುದಾದರೆ ತಿಳಿಸಿ, ನಿಯಮಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇವೆ, ಕಳಿಸಿಕೊಡುತ್ತೇವೆ. ಬರುವವರು ಫೋನು ತರಬಹುದು. ಆಟ ಮುಗಿದು ಎಣಿಕೆ ಆಗುವವರೆಗೆ ಮೇಜಿನ ಡ್ರಾಯರಿನಲ್ಲಿ ಇರುತ್ತದೆ.

– ಕಾರ್ಯದರ್ಶಿ